ಮುರಿದ ರೆಕ್ಕೆಯ ಗುರುತು ಹಿಡಿಯುವುದು ಹೇಗೆ?

ಅಜ್ಜನ ಟ್ರಂಕಿನಲ್ಲಿ ಒಂದು ಕಪ್ಪು-ಬಿಳುಪು ಫೋಟೋ ಸಿಕ್ಕಿದೆ ಎಂದುಕೊಳ್ಳಿ. ಪೊದೆಗಳ ನಡುವೆ ಮುರಿದು ಬಿದ್ದ ವಿಮಾನ, ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಸೈನಿಕ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಎರಡೇ ಪದ: ‘ಬರ್ಮಾ, 1944’. ಅದು ಯಾವ ವಿಮಾನ? ಅದರಲ್ಲಿದ್ದವರು ಏನಾದರು?

ಎರಡನೆಯ ಮಹಾಯುದ್ಧದ ಭಾರತ–ಬರ್ಮಾ ರಂಗದ ಇಂಥ ಫೋಟೋ ಓದಲು ತಜ್ಞರಾಗಬೇಕಿಲ್ಲ. ಒಂದು ಶಿಸ್ತು ಸಾಕು: ಎಣಿಕೆ ಮೊದಲು, ಹೆಸರು ಕೊನೆಗೆ. ಹೆಸರು ಮೊದಲೇ ತಲೆಯಲ್ಲಿ ಕೂತರೆ ಕಣ್ಣು ಅದಕ್ಕೆ ಒಪ್ಪುವುದನ್ನಷ್ಟೇ ಹುಡುಕುತ್ತದೆ.

ಬೇಕಾದವು: ಸ್ಕ್ಯಾನರ್, ಭೂತಗನ್ನಡಿ, ನೋಟ್‌ಬುಕ್, ಆ ಕಾಲದ ವಿಮಾನಗಳ ರೇಖಾಚಿತ್ರವಿರುವ ಒಂದು ಪುಸ್ತಕ.

ಹಂತ 1: ಸ್ಕ್ಯಾನ್ ಮಾಡಿ

ಫೋಟೋದ ಎರಡೂ ಬದಿಯನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಆಲ್ಬಮ್ಮಿಗೆ ಅಂಟಿದ್ದರೆ ಕೀಳಬೇಡಿ, ಪುಟವನ್ನೇ ಸ್ಕ್ಯಾನ್ ಮಾಡಿ. ಚಿತ್ರ ಎಡಬಲ ಅದಲುಬದಲಾಗಿ ಮುದ್ರಣವಾಗಿರಬಹುದು. ಅಕ್ಷರಗಳು ಕಾಣದಿದ್ದರೆ ಸೈನಿಕನ ಅಂಗಿ ನೋಡಿ. ಗಂಡಸರ ಅಂಗಿಯ ಗುಂಡಿಗಳು ಅವರ ಬಲಬದಿಗೆ ಇರುತ್ತವೆ.

ಹಂತ 2: ಎಂಜಿನ್ ಎಣಿಸಿ

ಒಂದೋ, ಎರಡೋ, ನಾಲ್ಕೋ? ದುಂಡನೆಯ ಮೂತಿಯೊಳಗೆ ಸಿಲಿಂಡರುಗಳು ಹೂವಿನ ಎಸಳುಗಳಂತೆ ಸುತ್ತ ಜೋಡಿಸಿದ್ದರೆ ಅದು ಗಾಳಿಯಿಂದ ತಂಪಾಗುವ ರೇಡಿಯಲ್ ಎಂಜಿನ್. ಯುದ್ಧವಿಮಾನಗಳಾದ ಹರಿಕೇನ್, ಸ್ಪಿಟ್‌ಫೈರ್‌ಗಳದು ಚೂಪು ಮೂತಿ. ಪ್ರೊಪೆಲ್ಲರಿನ ಅಲಗುಗಳನ್ನೂ ಎಣಿಸಿ. ಎರಡು ಎಂಜಿನ್ನಿನ ಸಾರಿಗೆ ವಿಮಾನಗಳಲ್ಲಿ ಡಕೋಟಾಕ್ಕೆ ಮೂರು ಅಲಗು, ಅದಕ್ಕಿಂತ ದೊಡ್ಡದಾದ ಕಮಾಂಡೋಗೆ ಬಹುಮಟ್ಟಿಗೆ ನಾಲ್ಕು.

ಹಂತ 3: ಬಾಲ ನೋಡಿ

ಮೂತಿ ನುಚ್ಚುನೂರಾದರೂ ಬಾಲ ಎಷ್ಟೋ ಸಲ ಉಳಿದಿರುತ್ತದೆ. ಹೊಸಬರು ಹೆಚ್ಚು ಎಡವುವುದೂ ಇಲ್ಲಿಯೇ. ಜೋಡಿ ಬಾಲ ಕಂಡ ಕೂಡಲೇ ‘ಲಿಬರೇಟರ್’ ಎನ್ನಬೇಡಿ, ಮಿಚೆಲ್ ಬಾಂಬರಿಗೂ ಜೋಡಿ ಬಾಲವಿದೆ. ಅಂಚಿನ ಗೆರೆಯನ್ನು ಭೂತಗನ್ನಡಿಯಲ್ಲಿ ನಿಧಾನವಾಗಿ ಹಿಂಬಾಲಿಸಿ. ಎಲ್ಲೂ ಮೂಲೆಯಿಲ್ಲದೆ ಮೊಟ್ಟೆಯಂತೆ ತಿರುಗಿದರೆ ಲಿಬರೇಟರ್, ಮೂಲೆಗಳು ಸ್ಪಷ್ಟವಾಗಿದ್ದರೆ ಮಿಚೆಲ್. ಆಮೇಲೆ ರೆಕ್ಕೆ ನೋಡಿ ಖಚಿತಪಡಿಸಿಕೊಳ್ಳಿ. ಲಿಬರೇಟರಿನ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿದ್ದು, ನಾಲ್ಕು ಎಂಜಿನ್ ಹೊತ್ತಿರುತ್ತದೆ. ಮಿಚೆಲ್‌ನದು ಒಡಲಿನ ನಡುಭಾಗದಲ್ಲಿ, ಎಂಜಿನ್ ಎರಡೇ.

ಹಂತ 4: ಅಸ್ಥಿಪಂಜರ ಓದಿ

ವಿಮಾನ ಮುರಿದಾಗ ಒಳಗಿನ ಚೌಕಟ್ಟು ಹೊರಗೆ ಕಾಣುತ್ತದೆ. ಹರಿಕೇನ್‌ನ ಹಿಂಭಾಗ ಲೋಹದ ಕೊಳವೆ, ಮರದ ಪಟ್ಟಿ, ಮೇಲೆ ಬಟ್ಟೆ. ಸುಟ್ಟ ಮೇಲೆ ಪಂಜರದಂಥ ಕೊಳವೆಗಳು ಉಳಿಯುತ್ತವೆ. ಸ್ಪಿಟ್‌ಫೈರ್‌ನ ಒಡಲು ಲೋಹದ ತಗಡಿನದು, ಅದು ಸುಕ್ಕುಗಟ್ಟಿ ಹರಿಯುತ್ತದೆ.

ಹಂತ 5: ಲಾಂಛನದಿಂದ ಕಾಲ ಹಿಡಿಯಿರಿ

ಅಮೆರಿಕನ್ ನಕ್ಷತ್ರದ ನಡುವಿನ ಕೆಂಪು ಚುಕ್ಕೆಯನ್ನು 1942ರ ಮೇ ತಿಂಗಳಲ್ಲಿ ಕೈಬಿಡಲಾಯಿತು. ಅಕ್ಕಪಕ್ಕದ ಬಿಳಿ ಪಟ್ಟಿಗಳು ಬಂದದ್ದು 1943ರ ನಡುವಿನಲ್ಲಿ. ಜಪಾನಿನ ಕೆಂಪು ಸೂರ್ಯನೆಂದು ತಪ್ಪು ತಿಳಿಯದಿರಲೆಂದು ಈ ರಂಗದ ಬ್ರಿಟಿಷ್ ವಿಮಾನಗಳ ವೃತ್ತಾಕಾರದ ಲಾಂಛನದಿಂದಲೂ 1942ರಿಂದೀಚೆಗೆ ಕೆಂಪನ್ನು ತೆಗೆಯುತ್ತ ಬಂದರು. ಬಣ್ಣದ ವಿಷಯದಲ್ಲಿ ಎಚ್ಚರ. ಆ ಕಾಲದ ಕೆಲವು ಫಿಲಂಗಳಿಗೆ ಕೆಂಪು ಕಾಣುತ್ತಿರಲಿಲ್ಲ, ಅವುಗಳಲ್ಲಿ ಕೆಂಪು ಕಪ್ಪಾಗಿಯೇ ಮೂಡುತ್ತದೆ.

ಹಂತ 6: ಸಂಖ್ಯೆ ಹುಡುಕಿ

ಮಾದರಿ ತಿಳಿಸುವುದು ಆಕಾರ, ಆ ಒಂದೇ ವಿಮಾನವನ್ನು ತಿಳಿಸುವುದು ಸಂಖ್ಯೆ. ಬ್ರಿಟಿಷ್ ಸಂಖ್ಯೆ ಒಡಲಿನ ಹಿಂಭಾಗದಲ್ಲಿರುತ್ತದೆ: ಒಂದು ಅಕ್ಷರ ಮತ್ತು ನಾಲ್ಕು ಅಂಕಿ, ಇಲ್ಲವೇ ಎರಡು ಅಕ್ಷರ ಮತ್ತು ಮೂರು ಅಂಕಿ. ಅಮೆರಿಕನ್ ಸಂಖ್ಯೆ ಬಾಲದ ಮೇಲೆ, ವರ್ಷದ ಕೊನೆಯ ಅಂಕಿಯನ್ನಷ್ಟೇ ಉಳಿಸಿ ಬರೆದಿರುತ್ತದೆ. 2ರಿಂದ ಶುರುವಾದರೆ 1942ರ ಹಣಕಾಸು ವರ್ಷದ ಖರೀದಿ, 3ರಿಂದಾದರೆ 1943ರದು. ಅರ್ಧ ಅಳಿಸಿದ ಅಂಕಿಯನ್ನು ಊಹಿಸಿ ತುಂಬಬೇಡಿ, ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಹಂತ 7: ಬಿದ್ದದ್ದೋ, ಒಡೆದದ್ದೋ?

ಪ್ರೊಪೆಲ್ಲರಿನ ಎಲ್ಲ ಅಲಗುಗಳೂ ಬಾಗಿದ್ದರೆ ನೆಲಕ್ಕೆ ತಾಗಿದಾಗ ಅದು ತಿರುಗುತ್ತಿತ್ತು, ಕೆಳಗಿನವು ಮಾತ್ರ ಬಾಗಿದ್ದರೆ ನಿಂತಿತ್ತು ಎನ್ನಬಹುದು. ಹಾಳಾದ ವಿಮಾನವೆಲ್ಲ ಬಿದ್ದದ್ದೇ ಆಗಬೇಕಿಲ್ಲ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್‌ಗಳನ್ನು ಬೇಕೆಂದೇ ಕೆಡಿಸಿ ಬಿಟ್ಟುಹೋದರು. ಅವುಗಳಲ್ಲಿ ಸುಮಾರು 40ನ್ನು 1948ರಿಂದ ಮತ್ತೆ ಹಾರುವಂತೆ ಮಾಡಿದ್ದು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್.

ಕೊನೆಯದಾಗಿ

ಸಂಖ್ಯೆ ಪೂರ್ತಿ ಸಿಕ್ಕಿದರೆ ದಾಖಲೆಗಳ ಬಾಗಿಲು ತೆರೆಯುತ್ತದೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ 1943ರಿಂದೀಚಿನ ಕಾಣೆಯಾದ ವಿಮಾನ ಸಿಬ್ಬಂದಿಯ ವರದಿಗಳಿವೆ. ಬ್ರಿಟಿಷ್ ಸ್ಕ್ವಾಡ್ರನ್‌ಗಳ ದಿನಚರಿ ಲಂಡನ್ನಿನ ಕ್ಯೂನಲ್ಲಿರುವ ಪತ್ರಾಗಾರದಲ್ಲಿದೆ. ಆ ಪುಟಗಳಲ್ಲಿ ಸಿಗುವುದು ಮನುಷ್ಯರ ಹೆಸರುಗಳು. ಒಂದು ಅಂಕಿ ತಪ್ಪಿದರೆ ಬೇರೆ ಯಾರದೋ ಸಾವನ್ನು ಈ ಚಿತ್ರಕ್ಕೆ ಅಂಟಿಸಿದಂತಾಗುತ್ತದೆ.

ಯುದ್ಧದ ದಿನಗಳಲ್ಲಿ ಅಮೆರಿಕನ್ ವಿಮಾನಗಳು ದುರಸ್ತಿಗಾಗಿ ಬೆಂಗಳೂರಿಗೆ ಬರುತ್ತಿದ್ದವು. ಅಲ್ಲಿ ದುಡಿದವರ ಮನೆಗಳಲ್ಲಿ ಇಂಥ ಫೋಟೋಗಳು ಇನ್ನೂ ಇರಬಹುದು. ನಿಮ್ಮ ಮನೆಯಲ್ಲಿದ್ದರೆ ಎಸೆಯಬೇಡಿ. ಇವತ್ತೇ ಹಿರಿಯರನ್ನು ಕೂರಿಸಿಕೊಂಡು ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.