ತಲೆಗೂದಲು ತೆಳ್ಳಗಾಯಿತೇ?

ಜಡೆ ಹೆಣೆಯುವ ಕೈಗೆ ಇದು ಮೊದಲು ಗೊತ್ತಾಗುತ್ತದೆ. ಹೋದ ವರ್ಷ ಮುಷ್ಟಿ ತುಂಬುತ್ತಿದ್ದ ಜಡೆ ಈಗ ಹೆಬ್ಬೆರಳಿನ ಗಾತ್ರ. ಬಾಚಣಿಗೆ ತುಂಬ ಕೂದಲು. ಬಚ್ಚಲ ಬಾಯಲ್ಲಿ ಕೂದಲಿನ ಉಂಡೆ. "ಇಪ್ಪತ್ತೆರಡಕ್ಕೇ ಹಿಂಗೆ ಉದುರ್ತಾವಲ್ಲ ಕಣವ್ವ, ಮುಂದೆ ಹೆಂಗೆ?" ಎಂದು ಅವ್ವ ಕೇಳುತ್ತಾಳೆ. ಮಗಳು ಉತ್ತರ ಹೇಳುವುದಿಲ್ಲ. ಟವಲು ಸುತ್ತಿಕೊಂಡು ಒಳಗೆ ಹೋಗುತ್ತಾಳೆ.

ಗಂಡುಮಕ್ಕಳಿಗೂ ಈ ಸಂಕಟ ಇದೆ. ಅವರು ಬಾಯಿ ಬಿಡುವುದಿಲ್ಲ, ಅಷ್ಟೆ. ಹಣೆ ದಿನೇ ದಿನೇ ಮೇಲಕ್ಕೆ ಹೋಗುತ್ತಿರುತ್ತದೆ. ನೆತ್ತಿ ಬಿಸಿಲಿಗೆ ಹೊಳೆಯುತ್ತದೆ. ಹೆಣ್ಣು ನೋಡಲು ಹೊರಟ ದಿನ ಕನ್ನಡಿಯ ಮುಂದೆ ಅರ್ಧ ಗಂಟೆ.

ನಮ್ಮ ದಂಡಿಗನಹಳ್ಳಿ ಕಡೆ ಇದನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಣ್ಣೆ ಹಚ್ಚು ಎನ್ನುತ್ತಾರೆ. ನೀರು ಒಗ್ಗಲಿಲ್ಲ ಎನ್ನುತ್ತಾರೆ. ಆದರೆ ಕೂದಲು ನಮ್ಮ ಮೈಯ ಸುದ್ದಿಯನ್ನೂ ಹೇಳುತ್ತದೆ. ಆ ಸುದ್ದಿಯನ್ನು ಓದುವುದು ಹೇಗೆ ಎಂದು ಈ ಪಾಠದಲ್ಲಿ ತಿಳಿಯೋಣ.

ಕೂದಲಿಗೂ ಸರದಿ ಇದೆ

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ಎಲ್ಲವೂ ಒಟ್ಟಿಗೆ ಬೆಳೆಯುವುದಿಲ್ಲ. ಒಟ್ಟಿಗೆ ಉದುರುವುದೂ ಇಲ್ಲ. ಒಂದೊಂದು ಕೂದಲೂ 2 ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಸುಮಾರು 3 ತಿಂಗಳು ಬೇರಿನಲ್ಲೇ ಸುಮ್ಮನೆ ನಿಂತಿರುತ್ತದೆ. ಕೊನೆಗೆ ಉದುರುತ್ತದೆ. ಅದೇ ಬೇರಿನಿಂದ ಹೊಸ ಕೂದಲು ಹುಟ್ಟುತ್ತದೆ.

ದಿನಕ್ಕೆ 50 ರಿಂದ 100 ಕೂದಲು ಉದುರುವುದು ಸಹಜ. ವಾರಕ್ಕೆ ಒಂದೇ ಸಲ ತಲೆಗೆ ನೀರು ಹಾಕಿಕೊಳ್ಳುವವರಿಗೆ ಆ ದಿನ ಬಹಳ ಉದುರಿದಂತೆ ಕಾಣುತ್ತದೆ. ಅದು ವಾರದ ಬಾಕಿ. ಹೆದರಬೇಕಾಗಿಲ್ಲ.

ಆ 3 ತಿಂಗಳ ಮಾತನ್ನು ಮಾತ್ರ ಮರೆಯಬಾರದು. ಈ ಪಾಠದ ಗಂಟು ಇರುವುದೇ ಅಲ್ಲಿ. ತೆಂಗು ಬೆಳೆಯುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಬರ ಬಂದ ತಿಂಗಳಲ್ಲೇ ತೆಂಗಿನ ಫಸಲು ಕಡಿಮೆಯಾಗುವುದಿಲ್ಲ. ಬರ ಕಳೆದು ಮಳೆ ಬಂದ ಮೇಲೆ ಗೊನೆಯಲ್ಲಿ ಕಾಯಿ ನಿಲ್ಲುವುದಿಲ್ಲ. ನೋಡಿದವರು ಈ ವರ್ಷದ ಗೊಬ್ಬರವನ್ನು ಬೈಯುತ್ತಾರೆ. ಮರ ಹೇಳುತ್ತಿರುವುದು ಹಳೆಯ ಬಾಯಾರಿಕೆಯ ಕಥೆ. ಕೂದಲೂ ಹಾಗೆಯೇ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ ಬಹಳಷ್ಟು ಕೂದಲು ಒಟ್ಟಿಗೆ ಬೆಳೆಯುವುದನ್ನು ನಿಲ್ಲಿಸುತ್ತವೆ. 2-3 ತಿಂಗಳಾದ ಮೇಲೆ ಒಟ್ಟಿಗೆ ಉದುರುತ್ತವೆ.

ಪೆಟ್ಟು ಎಂದರೆ ಯಾವುದು? ಟೈಫಾಯಿಡ್, ಡೆಂಗಿಯಂಥ ಜ್ವರ. ಆಪರೇಷನ್. ಹೆರಿಗೆ. ತೆಳ್ಳಗಾಗಬೇಕೆಂದು ಊಟ ಬಿಡುವುದು. ಮನೆಯಲ್ಲಿ ಸಾವು ನೋವು. 2021ರಲ್ಲಿ ಕೊರೊನಾ ಎರಡನೇ ಅಲೆ ಬಂದು ಹೋಯಿತು. ವಾಸಿಯಾದ ಎಷ್ಟೋ ಜನಕ್ಕೆ ಎರಡು ಮೂರು ತಿಂಗಳ ಮೇಲೆ ತಲೆ ಬಾಚಿದರೆ ಕೈತುಂಬ ಕೂದಲು ಬಂತು. ಆ ವಾರ ಬಳಸಿದ ಶಾಂಪೂ ಮೇಲೆ ತಪ್ಪು ಹೊರಿಸಿದವರೂ ಉಂಟು.

ಆದ್ದರಿಂದ ಕೂದಲು ಉದುರಲು ಶುರುವಾದಾಗ ಕ್ಯಾಲೆಂಡರ್ ತೆಗೆಯಿರಿ. ಮೂರು ಹಾಳೆ ಹಿಂದಕ್ಕೆ ಮಗುಚಿ. ಆಗ ಏನಾಗಿತ್ತು? ಕಾರಣ ಅಲ್ಲಿ ಸಿಕ್ಕರೆ ಅರ್ಧ ಭಯ ಹೋಗುತ್ತದೆ. ಜ್ವರದ ಕಾರಣಕ್ಕೆ ಉದುರಿದ ಕೂದಲು ಸಾಮಾನ್ಯವಾಗಿ 6 ತಿಂಗಳ ಒಳಗೆ ಉದುರುವುದನ್ನು ನಿಲ್ಲಿಸುತ್ತದೆ. ಬೇರು ಸತ್ತಿರುವುದಿಲ್ಲ. ಮತ್ತೆ ಬರುತ್ತದೆ.

ಬೇರು ಚರ್ಮದ ಒಳಗಿದೆ ಎನ್ನುವುದಕ್ಕೆ ಸಾಕ್ಷಿ ನಮ್ಮ ತಾಲ್ಲೂಕಿನಲ್ಲೇ ಇದೆ. ಶ್ರವಣಬೆಳಗೊಳದ ದಿಗಂಬರ ಮುನಿಗಳು ಕತ್ತರಿ ಮುಟ್ಟುವುದಿಲ್ಲ. 2 ರಿಂದ 4 ತಿಂಗಳಿಗೊಮ್ಮೆ ತಲೆಗೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಇದಕ್ಕೆ ಕೇಶಲೋಚ ಎಂದು ಹೆಸರು. ಹಾಗೆ ಕಿತ್ತರೂ ಕೂದಲು ಮತ್ತೆ ಹುಟ್ಟುತ್ತದೆ.

ಹೊಸ ಸೊಸೆಯ ಕೂದಲು

ಮದುವೆಯಾಗಿ ನಾಲ್ಕು ತಿಂಗಳಾದ ಹುಡುಗಿಗೆ ಕೂದಲು ಉದುರುತ್ತದೆ. "ನಮ್ಮೂರ ನೀರು ಒಗ್ಗಲಿಲ್ಲ" ಎಂದು ಅತ್ತೆಮ್ಮ ಹೇಳುತ್ತಾರೆ. ನೀರು ಬದಲಾದದ್ದು ನಿಜ. ಬೇರೆ ಏನೇನು ಬದಲಾಯಿತು ಎಂದೂ ಕೇಳಬೇಕಲ್ಲವೇ? ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾಳೆ. ಸಾರಿನ ತಳದಲ್ಲಿ ಕಾಳು ಉಳಿದಿರುವುದಿಲ್ಲ. ತುಂಡು ಉಳಿದಿರುವುದಿಲ್ಲ. ಮುದ್ದೆಗೆ ಬರೀ ತಿಳಿ. ಹೊಸ ಜಾಗ, ಕೇಳಲು ಸಂಕೋಚ.

ಮೈಯೊಳಗೂ ಇಂಥದೇ ಪಂಕ್ತಿ ಇದೆ. ಅನ್ನ, ರಕ್ತ ಕಡಿಮೆಯಾದಾಗ ದೇಹ ಮೊದಲು ಹೃದಯಕ್ಕೆ, ಮಿದುಳಿಗೆ ಬಡಿಸುತ್ತದೆ. ಕೂದಲಿಗೆ ಕೊನೆಯ ಪಂಕ್ತಿ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ಕರ್ನಾಟಕದಲ್ಲಿ 15 ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಸುಮಾರು 45 ಮಂದಿಗೆ. ಕಡಿಮೆಯಾಗಬೇಕಾದ್ದು ಹೆಚ್ಚಾಗಿದೆ. ಎಣ್ಣೆ ಸೀಸೆಗೆ ದುಡ್ಡು ಹಾಕುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ ಎಂದು ನಾವು ಹೇಳುವುದು ಇದಕ್ಕೇ. ಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ ಎಂದು ಬರೆದಿರುತ್ತದೆ. ಅಕ್ಷರ ಕೂಡಿಸಿ ಓದಿ. ಬಸುರಿಯಲ್ಲದ ಹೆಂಗಸಿಗೆ ಅದು 12ಕ್ಕಿಂತ ಕಡಿಮೆ ಇರಬಾರದು. ಬಸುರಿಗೆ 11. ಗಂಡಸರಿಗೆ 13. ಈ ಪರೀಕ್ಷೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗುತ್ತದೆ.

ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತದೆ. ಕೆಲವರಿಗೆ ಹೊಟ್ಟೆ ಕಟ್ಟುತ್ತದೆ. ಇದಕ್ಕೆ ಹೆದರಿ ಮಾತ್ರೆಯನ್ನು ತೆಂಗಿನ ಬುಡಕ್ಕೆ ಎಸೆಯುವವರಿದ್ದಾರೆ. ಎಸೆಯಬೇಡಿ. ಹೊಟ್ಟೆಯ ತೊಂದರೆ ಇದ್ದರೆ ನರ್ಸಮ್ಮನಿಗೆ ಹೇಳಿ. ಮಾತ್ರೆಯ ಜೊತೆಯಲ್ಲಿ, ಊಟದ ಹಿಂದೆಯೇ ಟೀ ಕುಡಿಯಬೇಡಿ. ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆಹುಳಿ, ನೆಲ್ಲಿಕಾಯಿ ಹತ್ತಿಸುತ್ತವೆ. ಬೆರಕೆ ಸೊಪ್ಪಿನ ಸಾರು, ನುಗ್ಗೆಸೊಪ್ಪು, ಹುರುಳಿಕಾಳು, ಅವರೆಕಾಳು ನಮ್ಮ ಹೊಲದ ಪದಾರ್ಥಗಳೇ. ತಿನ್ನುವವರು ಮೊಟ್ಟೆ, ಮೀನು, ಮಾಂಸ ತಿನ್ನಲಿ. ಕೂದಲು ಮಾಂಸದಂತೆಯೇ ಪ್ರೋಟೀನಿನಿಂದ ಆದದ್ದು. ಬರೀ ಮುದ್ದೆ, ತಿಳಿಸಾರಿನಿಂದ ಅದು ದಪ್ಪವಾಗುವುದಿಲ್ಲ.

ಬಾಣಂತಿಯ ಕೂದಲು

ಬಸಿರಿನಲ್ಲಿ ಕೂದಲು ಸೊಂಪಾಗಿರುತ್ತದೆ. ಉದುರಬೇಕಾದ ಕೂದಲು ಆಗ ಉದುರದೆ ನಿಂತಿರುತ್ತದೆ. ಹೆರಿಗೆಯಾದ ಮೂರನೇ ತಿಂಗಳ ಹೊತ್ತಿಗೆ ಎಲ್ಲವೂ ಒಟ್ಟಿಗೆ ಬೀಳುತ್ತದೆ. ಮಗು ಮುಖ ನೋಡಿ ನಗುವುದೂ ಅದೇ ಹೊತ್ತಿಗೆ. ಮಗು ನಕ್ಕರೆ ತಾಯಿಯ ಕೂದಲು ಉದುರುತ್ತದೆ ಎಂದು ಕೆಲವು ಮನೆಗಳಲ್ಲಿ ಹೇಳುವುದುಂಟು. ಪಾಪ, ಮಗುವಿನ ತಪ್ಪೇನೂ ಇಲ್ಲ. ಮಗುವಿಗೆ ವರ್ಷ ತುಂಬುವ ವೇಳೆಗೆ ಹೆಚ್ಚಿನ ತಾಯಂದಿರ ಕೂದಲು ಮೊದಲಿನಂತಾಗುತ್ತದೆ.

ಅಷ್ಟರಲ್ಲಿ ಪಥ್ಯ ಎಂದು ಬಾಣಂತಿಗೆ ಸೊಪ್ಪು ಬೇಡ, ಕಾಳು ಬೇಡ, ನೀರೂ ಬೇಡ ಎಂದರೆ ಆ ಮೈ ಎಲ್ಲಿಂದ ಸುಧಾರಿಸೀತು? ಎದೆಹಾಲು ಕೊಡುವ ತಾಯಿಗೆ ಹೆಚ್ಚಿಗೆ ಊಟ ಬೇಕು, ನೀರು ಬೇಕು. ಹೆರಿಗೆಯಾದ ಮೇಲೂ 180 ದಿನ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕು. ಹಿರಿಯರಿಗೆ ಇದನ್ನು ಹೇಳಲು ಸೊಸೆಗೆ ಬಾಯಿ ಬರುವುದಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅವರ ಬಾಯಿಂದ ಹೇಳಿಸಿ. ಗಂಡನೂ ಹೇಳಬಹುದು. ಹೇಳಿದರೆ ಮರ್ಯಾದೆ ಹೋಗುವುದಿಲ್ಲ.

ಕೂದಲಿನ ಗುಣ ಬದಲಾದರೆ

ಎಂಟು ವರ್ಷಕ್ಕೆ ರೇಷ್ಮೆಯಂತಿದ್ದ ಕೂದಲು ಇಪ್ಪತ್ತಕ್ಕೆ ಒರಟಾಗಬಹುದು. ನೆಟ್ಟಗಿದ್ದದ್ದು ಗುಂಗುರಾಗಬಹುದು. ಮೈ ನೆರೆಯುವ ಕಾಲದಲ್ಲಿ ದೇಹದ ರಸಗಳು ಬದಲಾಗುತ್ತವೆ. ಅದರೊಂದಿಗೆ ಕೂದಲೂ ಬದಲಾಗುತ್ತದೆ. ಇದು ರೋಗವಲ್ಲ. ಗುಂಗುರನ್ನು ನೆಟ್ಟಗೆ ಮಾಡಲು ಬಿಸಿ ಕಬ್ಬಿಣ ಹಿಡಿಯುವುದು, ಔಷಧಿ ಹಚ್ಚಿಸುವುದು ಈಗ ಹೆಚ್ಚಾಗಿದೆ. ಇದರಿಂದ ಕೂದಲು ಸುಟ್ಟು ನಡುವೆ ತುಂಡಾಗುತ್ತದೆ. ನಮ್ಮ ಗೊಮ್ಮಟನ ತಲೆ ತುಂಬ ಗುಂಗುರು ಸುರುಳಿಯೇ ಇರುವುದು. ಸಾವಿರ ವರ್ಷದಿಂದ ಲೋಕವೆಲ್ಲ ಬಂದು ನೋಡುತ್ತಿದೆ. ಯಾರೂ ಕುಂದು ಹೇಳಿಲ್ಲ!

ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ಸರಿಯಾಗಿ ನೊರೆ ಬರುವುದಿಲ್ಲ. ಸೋಪಿನ ಜಿಡ್ಡು ಕೂದಲಿಗೆ ಅಂಟುತ್ತದೆ. ಕೂದಲು ಕಡ್ಡಿಯಂತಾಗುತ್ತದೆ. ಬಟ್ಟೆ ಸೋಪು, ಮೈ ಸೋಪು ತಲೆಗೆ ಬೇಡ. ಸೀಗೆಕಾಯಿಗೆ ಈ ಜಿಡ್ಡಿನ ಕಾಟ ಇಲ್ಲ. ಶಾಂಪೂ ಕೂಡ ಆಗಬಹುದು. ಒದ್ದೆ ಕೂದಲನ್ನು ಎಳೆದು ಬಾಚಬೇಡಿ. ದಿನಾ ಬಿಗಿಯಾಗಿ ಜಡೆ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ಬೇರುಸಹಿತ ಬರುತ್ತದೆ. ಶಾಲೆಗೆ ಹೋಗುವ ಹುಡುಗಿಯರ ತಾಯಂದಿರು ಇದನ್ನು ಗಮನಿಸಬೇಕು.

ಮುಡಿ ಕೊಟ್ಟರೆ ಕೂದಲು ದಪ್ಪವಾಗಿ ಬರುತ್ತದೆ ಎನ್ನುವ ನಂಬಿಕೆ ಇದೆ. ಹರಕೆಗೆ ಮುಡಿ ಕೊಡುವುದು ಅವರವರ ಭಕ್ತಿ. ಆದರೆ ಕ್ಷೌರದ ಕತ್ತಿ ಬೇರನ್ನು ಮುಟ್ಟುವುದಿಲ್ಲ. ಕೊಯ್ದ ರಾಗಿ ಕೂಳೆ ಕಾಲಿಗೆ ಚುಚ್ಚುವಂತೆ ಬೋಳಿಸಿದ ಕೂದಲು ಕೈಗೆ ಒರಟಾಗಿ ಸಿಗುತ್ತದೆ. ಅಷ್ಟೇ.

ಎಣ್ಣೆಯ ಮಾತು

ಕೊಬ್ಬರಿ ಎಣ್ಣೆ ಒಳ್ಳೆಯದು. ಅದು ಕೂದಲಿನ ಒಳಕ್ಕೆ ಇಳಿಯುತ್ತದೆ. ತೊಳೆಯುವಾಗ ಕೂದಲು ಸವೆಯುವುದನ್ನು ತಡೆಯುತ್ತದೆ. ಆದರೆ ನಾವು ಕಾಣುವ ಕೂದಲಿನ ಎಳೆಯಲ್ಲಿ ಜೀವ ಇಲ್ಲ. ಜೀವ ಇರುವುದು ಬೇರಿನಲ್ಲಿ. ಬೇರಿಗೆ ಊಟ ಹೋಗುವುದು ರಕ್ತದಿಂದ.

ಈಚಿನ ವರ್ಷಗಳಲ್ಲಿ ಹಕ್ಕಿಪಿಕ್ಕಿ ಜನರ ಗಿಡಮೂಲಿಕೆ ಎಣ್ಣೆ ಮೊಬೈಲಿನಲ್ಲಿ ಬಹಳ ಹೆಸರಾಯಿತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದವರು, ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯವರು ಈ ಕಸುಬು ಮಾಡುತ್ತಾರೆ. ಅಲೆದು ಬದುಕಿದ ಜನ ಸ್ವಂತ ದುಡಿಮೆ ಕಂಡುಕೊಂಡದ್ದು ಸಂತೋಷವೇ. ಎಣ್ಣೆ ಯಾರದೇ ಆಗಲಿ, ರಕ್ತದ ಕೊರತೆಯನ್ನು ಅದು ತುಂಬಲಾರದು. ಇನ್ನೊಂದು ಮಾತು. ಜ್ವರದ ಕೂದಲು ತಾನಾಗಿಯೇ ವಾಪಸ್ಸು ಬರುವ ಹೊತ್ತಿಗೆ ಸರಿಯಾಗಿ ನಾವು ಎಣ್ಣೆ ಕೊಂಡಿರುತ್ತೇವೆ. ಹೆಸರು ಎಣ್ಣೆಗೆ ಹೋಗುತ್ತದೆ.

ಉದುರಿದ ಕೂದಲಿಗೂ ಬೆಲೆ ಇದೆ ನೋಡಿ. ಬೀದಿಯಲ್ಲಿ "ಕೂದ್ಲು ಹಾಕಿ, ಪಾತ್ರೆ ತಗಳ್ಳಿ" ಎಂದು ಕೂಗಿ ಬರುವವರು ಕೊಳ್ಳುವ ಕೂದಲು ದೂರ ಹೋಗುತ್ತದೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲನ್ನು ಬಿಡಿಸಿ, ಬಾಚಿ, ವಿಂಗಡಿಸುವುದೇ ದೊಡ್ಡ ಉದ್ಯೋಗ. ಅಲ್ಲಿಂದ ಹೊರದೇಶಕ್ಕೆ ಚೌರಿಯಾಗಿ ಹೋಗುತ್ತದೆ.

ಗಂಡಸರ ನೆತ್ತಿ

ಗಂಡಸರಿಗೆ ಹಣೆಯ ಎರಡು ಮೂಲೆ, ನೆತ್ತಿ ಖಾಲಿಯಾಗುವುದು ಹೆಚ್ಚಾಗಿ ವಂಶದಿಂದ. ಅಪ್ಪನ ಕಡೆಯಿಂದಲೂ ಬರಬಹುದು, ಅಮ್ಮನ ಕಡೆಯಿಂದಲೂ ಬರಬಹುದು. ಇಪ್ಪತ್ತಕ್ಕೇ ಶುರುವಾಗಬಹುದು. ಇಲ್ಲಿ ಮೂರು ತಿಂಗಳ ಲೆಕ್ಕ ನಡೆಯುವುದಿಲ್ಲ. ಬೇರು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಹೋಗುತ್ತದೆ. ಹೆಂಗಸರಿಗೂ ಇದು ಉಂಟು, ಆದರೆ ಅವರಿಗೆ ಬೈತಲೆ ಅಗಲವಾಗುತ್ತದೆ. ಮಿನಾಕ್ಸಿಡಿಲ್ ಎಂಬ ಔಷಧಿ ಕೆಲವರಿಗೆ ಹಿಡಿಯುತ್ತದೆ. ತಿಂಗಳುಗಟ್ಟಲೆ ಹಚ್ಚಬೇಕು. ಬಿಟ್ಟರೆ ಬಂದ ಕೂದಲೂ ಹೋಗುತ್ತದೆ. ಬಸುರಿ, ಬಾಣಂತಿಯರು ಹಚ್ಚಬಾರದು. ಡಾಕ್ಟರನ್ನು ಕೇಳದೆ ಅಂಗಡಿಯಿಂದ ತರಬೇಡಿ.

ರೈತ ಹುಡುಗರಿಗೆ ಹೆಣ್ಣು ಸಿಗದಿರುವ ಕಾಲ ಇದು. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗಲೆಂದು ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಇದರ ಮೇಲೆ ಬೋಳು ತಲೆ ಎಂದು ಛೇಡಿಸಿದರೆ ಹುಡುಗ ಮನೆಯಿಂದ ಹೊರಗೆ ಬರುವುದನ್ನೇ ಬಿಡುತ್ತಾನೆ. ತಮಾಷೆ ಮಾಡುವವರು ಸ್ವಲ್ಪ ಯೋಚಿಸಬೇಕು. ಬೇಕಾದರೆ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳಿ. ತೆಳ್ಳಗಾದದ್ದು ಅಷ್ಟು ಕಾಣುವುದಿಲ್ಲ. ಹೆಣ್ಣುಮಕ್ಕಳಿಗೂ ಇದೇ ಮಾತು. ಮೊಣಕೈವರೆಗಿನ ತೆಳು ಜಡೆಗಿಂತ ಭುಜದವರೆಗಿನ ಕೂದಲು ತುಂಬಿದಂತೆ ಕಾಣುತ್ತದೆ.

ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ನಾಣ್ಯದಗಲ ಜಾಗದಲ್ಲಿ ಕೂದಲು ನುಣ್ಣಗೆ ಹೋದರೆ "ಹುಳ ತಿಂದಿದೆ" ಎನ್ನುತ್ತಾರೆ. ಅಲ್ಲಿ ಹುಳ ಇರುವುದಿಲ್ಲ. ಬೆಳ್ಳುಳ್ಳಿ ಉಜ್ಜಿ ಚರ್ಮ ಸುಡಬೇಡಿ, ತೋರಿಸಿ. ತುರಿಕೆ, ಹೊಟ್ಟು, ಕೀವು ಇದ್ದರೆ ಅದು ಅಂಟುವ ಬೂಷ್ಟಿನ ರೋಗ ಇರಬಹುದು. ಬಾಚಣಿಗೆ ಬೇರೆ ಮಾಡಿ. ಮುಟ್ಟು ತಿಂಗಳು ತಿಂಗಳಿಗೂ ಸರಿಯಾಗಿ ಬರದೆ, ಗಲ್ಲದ ಮೇಲೆ ಕೂದಲು ಬೆಳೆದು, ತಲೆಯಲ್ಲಿ ತೆಳ್ಳಗಾದರೆ ನಾಚಿಕೆ ಬಿಟ್ಟು ಹೇಳಿಕೊಳ್ಳಿ. ಸದಾ ಸುಸ್ತು, ಚಳಿ, ಮೈ ಊದಿದಂತೆ ದಪ್ಪ ಆಗುವುದು ಇದ್ದರೆ ಥೈರಾಯಿಡ್ ಪರೀಕ್ಷೆ ಬೇಕು. ಆರು ತಿಂಗಳಾದರೂ ಉದುರುವುದು ನಿಲ್ಲದಿದ್ದರೂ ಹೋಗಬೇಕು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ನೋಡುತ್ತಾರೆ.

ಉದುರುವುದು ನಿಂತ ಮೇಲೆ ತಾಳ್ಮೆ ಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಹಣೆಯಂಚಿನಲ್ಲಿ ಗಿಡ್ಡ ಗಿಡ್ಡ ಕೂದಲು ಎದ್ದು ನಿಂತಿದ್ದರೆ ಎಣ್ಣೆ ಹಾಕಿ ಒತ್ತಿ ಕೂರಿಸಲು ಹೋಗಬೇಡಿ. ಅವು ಹೊಸದಾಗಿ ಹುಟ್ಟಿದವು. ಜಡೆಗೆ ಸೇರಲು ಅವಕ್ಕೆ ಎರಡು ವರ್ಷವಾದರೂ ಬೇಕು.