ಹಣ ತೆತ್ತರೆ ಮಾಹಿತಿ ಅಳಿಯುವುದೇ? - ವರ್ತಕರು ಅರಿಯಬೇಕಾದ ಸಂಗತಿಗಳು

ಇಂಡಿಯ ನಿಂಬೆ ವ್ಯಾಪಾರಸ್ಥರಿರಲಿ, ಸಿಂದಗಿಯ ಹತ್ತಿ ವರ್ತಕರಿರಲಿ, ಮುದ್ದೇಬಿಹಾಳದ ಸಣ್ಣ ಕಾರ್ಖಾನೆಯವರಿರಲಿ, ಬಸವನ ಬಾಗೇವಾಡಿಯ ಅಡತಿ ಅಂಗಡಿಯವರಿರಲಿ, ಅಪರಿಚಿತ ಕರೆಗಳ ಕಾಟದಿಂದ ಇಂದು ಯಾರೂ ಮುಕ್ತರಲ್ಲ. ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಕಲೆಹಾಕಿ ಮಾರುವುದೇ ಒಂದು ಉದ್ಯಮವಾಗಿದೆ. ಇದರ ಬೆನ್ನಲ್ಲೇ, ವಾರ್ಷಿಕ ಶುಲ್ಕ ಪಡೆದು ನಮ್ಮ ಮಾಹಿತಿಯನ್ನು ಇಂತಹ ಮಾಹಿತಿ ದಲ್ಲಾಳಿಗಳ ಪಟ್ಟಿಯಿಂದ ತೆಗೆಸಿಕೊಡುವ ಸೇವೆಗಳೂ ಹುಟ್ಟಿಕೊಂಡಿವೆ. ಇವು ನಮ್ಮ ಭಾಗದ ವರ್ತಕರಿಗೆ ಎಷ್ಟರಮಟ್ಟಿಗೆ ಪ್ರಯೋಜನಕಾರಿ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸೇವೆಯ ಸ್ವರೂಪ

ಈ ಸೇವೆಗಳು ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ವ್ಯಕ್ತಿಯ ವಿವರಗಳನ್ನು ಬಹಿರಂಗವಾಗಿ ಮಾರುವ ಸಂಸ್ಥೆಗಳಿವೆ. ವರ್ಮಾಂಟ್ ರಾಜ್ಯವು 2018ರಲ್ಲಿ, ಕ್ಯಾಲಿಫೋರ್ನಿಯಾ ನಂತರದಲ್ಲಿ, ಅವುಗಳ ನೋಂದಣಿಯನ್ನು ಕಡ್ಡಾಯಗೊಳಿಸಿದವು. ಮಾರುವವರು ಯಾರೆಂದು ತಿಳಿದಿರುವುದರಿಂದ ಚಂದಾದಾರರ ಪರವಾಗಿ ಅವರಿಗೆ ಮನವಿ ಕಳುಹಿಸುವುದು ಸಾಧ್ಯವಾಗುತ್ತದೆ. ಆದರೂ ಫಲಿತಾಂಶ ಏಕರೂಪವಾಗಿಲ್ಲ. ಅಲ್ಲಿನ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2024ರಲ್ಲಿ ಪರೀಕ್ಷಿಸಿದಾಗ, ಸ್ವತಃ ಮನವಿ ಸಲ್ಲಿಸಿದಲ್ಲಿ ಶೇ. 70ರಷ್ಟು ವಿವರಗಳು ಅಳಿದವು. ಶುಲ್ಕ ಪಡೆಯುವ ಸೇವೆಗಳಲ್ಲಿ ಅತ್ಯುತ್ತಮವಾದದ್ದು ಶೇ. 68ನ್ನು ತಲುಪಿದರೆ, ಕೆಲವು ಶೇ. 6ರಲ್ಲಿಯೇ ಉಳಿದವು.

ನಮ್ಮ ಮಾಹಿತಿ ಸೋರುವ ಮೂರು ದಾರಿಗಳು

1. ಕಾನೂನೇ ಬಹಿರಂಗಪಡಿಸುವುದು: ಜಿ.ಎಸ್.ಟಿ. ಸಂಖ್ಯೆಯನ್ನು ಅಂಗಡಿಯ ನಾಮಫಲಕದಲ್ಲಿ ಪ್ರದರ್ಶಿಸುವುದು ಕಡ್ಡಾಯ. 15 ಅಂಕಾಕ್ಷರಗಳ ಆ ಸಂಖ್ಯೆಯಲ್ಲಿ ಮೊದಲ ಎರಡು, ಅಂದರೆ 29, ಕರ್ನಾಟಕದ ಸಂಕೇತ. ನಂತರದ ಹತ್ತು ನಿಮ್ಮ ಪ್ಯಾನ್ ಸಂಖ್ಯೆಯೇ ಆಗಿದೆ. ಏಕಮಾಲೀಕತ್ವದ ಅಂಗಡಿಯಾಗಿದ್ದರೆ ಅದು ಮಾಲೀಕರ ವೈಯಕ್ತಿಕ ಪ್ಯಾನ್. ಇದನ್ನು ಯಾವ ಸೇವೆಯೂ ಅಳಿಸಲಾರದು. ಆದುದರಿಂದ, ಪ್ಯಾನ್ ಸಂಖ್ಯೆ ಹೇಳಿದ ಮಾತ್ರಕ್ಕೆ ಕರೆ ಮಾಡಿದವನು ಬ್ಯಾಂಕಿನವನು ಅಥವಾ ತೆರಿಗೆ ಇಲಾಖೆಯವನು ಎಂದು ನಂಬಬಾರದು.

2. ನಾವೇ ನೀಡಿದ್ದು: ವ್ಯಾಪಾರಿ ಡೈರೆಕ್ಟರಿಗಳು, ಮೊಬೈಲ್ ಆ್ಯಪ್‌ಗಳು, ವಸ್ತುಪ್ರದರ್ಶನದ ನೋಂದಣಿ ಪುಸ್ತಕಗಳು. ಇವುಗಳಿಂದ ಹೆಸರು ತೆಗೆಸಲು ಆಯಾ ಸಂಸ್ಥೆಗೆ ನೇರವಾಗಿ ಬರೆಯಬಹುದು. ಟ್ರೂಕಾಲರ್‌ನಂತಹ ಸೇವೆಯಿಂದ ಸಂಖ್ಯೆಯನ್ನು ತೆಗೆಸಲು ಯಾವ ಶುಲ್ಕವೂ ಇಲ್ಲ.

3. ಕದ್ದು ಮಾರಿದ್ದು: ಇಲ್ಲಿ ಮಾರುವವನೇ ಅಜ್ಞಾತ. ಮನವಿ ಸಲ್ಲಿಸುವುದಾದರೂ ಯಾರಿಗೆ? ಇದರ ಅಪಾಯ ಕೇವಲ ಕಿರಿಕಿರಿಯಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಹಾಗೂ ಆಧಾರ್ ವಿವರ ಬಳಸಿ ಬ್ಯಾಂಕ್ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಆಧಾರ್ ಬಯೋಮೆಟ್ರಿಕ್ ಬೀಗ ಹಾಕುವ ಸೌಲಭ್ಯ ಉಚಿತವಾಗಿದ್ದು, ಪ್ರತಿಯೊಬ್ಬರೂ ಇದನ್ನು ಬಳಸಿಕೊಳ್ಳುವುದು ಸೂಕ್ತ.

ಕಾನೂನಿನ ಆಸರೆ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಮಾಹಿತಿ ಅಳಿಸುವಂತೆ ಕೇಳುವ ಹಕ್ಕನ್ನು ನೀಡುತ್ತದೆ. 2025ರ ನವೆಂಬರ್‌ನಲ್ಲಿ ಹೊರಬಿದ್ದ ನಿಯಮಗಳು ಇದರ ಪ್ರಮುಖ ಅಂಶಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಿದವು. ಆದರೆ ವ್ಯಕ್ತಿಯು ತಾನೇ ಸಾರ್ವಜನಿಕಗೊಳಿಸಿದ ಅಥವಾ ಕಾನೂನಿನಂತೆ ಪ್ರಕಟವಾದ ಮಾಹಿತಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ ಎಂಬುದನ್ನು ಮರೆಯಬಾರದು.

ಖರ್ಚಿಲ್ಲದ ಉಪಾಯಗಳು

ಅ) ಅಂಗಡಿಗೆ ಪ್ರತ್ಯೇಕ ದೂರವಾಣಿ ಸಂಖ್ಯೆ ಇರಲಿ, ಬ್ಯಾಂಕ್ ಖಾತೆಗೆ ಜೋಡಿಸಿದ ಸಂಖ್ಯೆಯನ್ನು ಬಿಲ್ಲು, ಫಲಕಗಳಲ್ಲಿ ಮುದ್ರಿಸದಿರಿ.
ಆ) ಜಾಹೀರಾತು ಕರೆಗಳನ್ನು ತಡೆಯಲು 1909ಕ್ಕೆ ಕರೆ ಮಾಡಿ ನೋಂದಾಯಿಸಿ. ಅನಪೇಕ್ಷಿತ ಕರೆ ಬಂದ 7 ದಿನಗಳೊಳಗೆ ದೂರು ನೀಡಬಹುದು.
ಇ) ಆಧಾರ್, ಪ್ಯಾನ್ ನಕಲು ಪ್ರತಿ ನೀಡುವಾಗ ಉದ್ದೇಶ ಮತ್ತು ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ.
ಈ) ಹಣ ಕಳೆದುಕೊಂಡಲ್ಲಿ ತಡಮಾಡದೆ 1930ಕ್ಕೆ ತಿಳಿಸಿ.

ಶುಲ್ಕದ ಸೇವೆಗೆ ಸೇರಲೇಬೇಕೆನಿಸಿದರೆ, ಭಾರತದ ಯಾವ ಯಾವ ಪಟ್ಟಿಗಳಿಂದ ಹೆಸರು ತೆಗೆಸುವಿರಿ ಎಂದು ಲಿಖಿತವಾಗಿ ಕೇಳಿರಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ದೂರವಿರುವುದೇ ಲೇಸು. ಹೆಸರು, ವಿಳಾಸ, ಜನ್ಮದಿನಾಂಕಗಳನ್ನು ಅವರಿಗೂ ಕೊಡಬೇಕಾಗುತ್ತದೆ ಎಂಬುದು ಗಮನದಲ್ಲಿರಲಿ.

ಕೊನೆಯದಾಗಿ, ಉದ್ರಿ ಖಾತೆಯ ಗಿರಾಕಿಗಳ ಮತ್ತು ಮಾಲು ತರುವ ರೈತರ ಹೆಸರು, ಸಂಖ್ಯೆಗಳು ನಮ್ಮ ಗಣಕಯಂತ್ರಗಳಲ್ಲಿಯೂ ಇವೆ. ಅವುಗಳ ರಕ್ಷಣೆಯ ಹೊಣೆಯನ್ನು ಇದೇ ಕಾಯಿದೆ ನಮ್ಮ ಮೇಲೆ ಹೊರಿಸುತ್ತದೆ. ಗಂಭೀರ ಲೋಪಕ್ಕೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಬೀಜ, ಗೊಬ್ಬರ, ಸಾಲದ ಏಜೆಂಟರು ಆ ಪಟ್ಟಿಯನ್ನು ಕೇಳಿದಾಗ ಕೊಡದಿರುವುದು ನಮ್ಮ ಕರ್ತವ್ಯ. ಪೇಟೆಯಲ್ಲಿ ಗಿರಾಕಿಯ ನಂಬಿಕೆಯೇ ನಮ್ಮ ಬಂಡವಾಳವಲ್ಲವೇ?