ಎರಡನೇ ರ‍್ಯಾಂಕ್, ಇಪ್ಪತ್ತೊಂದನೇ ಸ್ಥಾನ

ಪ್ರವೇಶ ಪರೀಕ್ಷೆಯಲ್ಲಿ ನಿಮಗೆ ಎರಡನೇ ರ‍್ಯಾಂಕ್ ಬಂದಿದೆ ಅಂದ್ಕೊಳ್ಳಿ. ಪಟ್ಟಿ ನೋಡಿದ್ರೆ ನಿಮ್ಮ ಹೆಸರು 21ನೆಯದು! 1926ರಲ್ಲಿ ಪ್ಯಾರಿಸ್‌ನ ಎಕೋಲ್ ನಾರ್ಮಲ್ ಸುಪೀರಿಯರ್ ಪರೀಕ್ಷೆ ಬರೆದ ಮರೀ-ಲೂಯಿಸ್ ಜಾಕೊತ್ಯಾಂ ಎಂಬ ಹುಡುಗಿಗೆ ಆಗಿದ್ದು ಇದೇ. ಹುಡುಗಿಯರ ಹೆಸರು ಹುಡುಗರ ಹೆಸರುಗಳ ಕೆಳಗೇ ಇರಬೇಕು ಎಂಬ ಸರ್ಕಾರಿ ಆದೇಶ ಅದಕ್ಕೆ ಕಾರಣ. ವಿಷಯ ಮಂತ್ರಿಯವರೆಗೂ ಹೋಯಿತು, ಕೊನೆಗೆ ಸೀಟು ಸಿಕ್ಕಿತು. ಸುಮ್ಮನಿದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಹುಟ್ಟಿದ್ದು 1905ರಲ್ಲಿ, ಪ್ಯಾರಿಸ್‌ನಲ್ಲಿ. ನಾವು ಅವರನ್ನು ಬೀಜಗಣಿತಜ್ಞೆ ಅಂತ ನೆನೆಯುತ್ತೇವೆ, ಆದರೆ ಅವರ ಮೊದಲ ಪ್ರೀತಿ ಫ್ಲೂಯಿಡ್ ಮೆಕ್ಯಾನಿಕ್ಸ್ (ಮೆಕ್ಯಾನಿಕಲ್‌ನವರು ಕಾಲರ್ ಎತ್ತಿಕೊಳ್ಳಬಹುದು). ಹವಾಮಾನ ಮುನ್ಸೂಚನೆಯನ್ನು ವಿಜ್ಞಾನವಾಗಿ ಕಟ್ಟಿದ ಬ್ಯರ್ಕ್‌ನೆಸ್ ಅವರ ಬಳಿ ಕಲಿಯಲು ಓಸ್ಲೋಗೆ ಹೋದರು. 1930ರಲ್ಲಿ ಪೌಲ್ ದ್ಯುಬ್ರೆಯ್ ಜೊತೆ ಮದುವೆಯಾಯಿತು. ಆತ ಬೀಜಗಣಿತದವನು. ಇಬ್ಬರೂ ಇಟಲಿ, ಜರ್ಮನಿ ಸುತ್ತಿದರು. ರೋಮ್‌ನಲ್ಲಿ ಅಲೆಗಳ ಗಣಿತದಲ್ಲಿ ಪಳಗಿದ ಲೆವಿ-ಚಿವಿಟಾ, ಜರ್ಮನಿಯಲ್ಲಿ ಆಧುನಿಕ ಬೀಜಗಣಿತವನ್ನು ರೂಪಿಸುತ್ತಿದ್ದ ಎಮ್ಮಿ ನೋತರ್. ಆಕೆಯ ಮುಂದಿನ ಬದುಕಿನ ಎರಡೂ ದಾರಿಗಳು ಆ ಒಂದೇ ಪ್ರವಾಸದಲ್ಲಿ ಸಿಕ್ಕವು ಅನ್ನಿಸುತ್ತೆ ನನಗೆ.

1934ರಲ್ಲಿ ನೀರಿನ ಅಲೆಗಳ ಮೇಲೆ ಡಾಕ್ಟರೇಟ್. ಆಮೇಲೆ ಕೈಗೆತ್ತಿಕೊಂಡಿದ್ದು ಇನ್ನೂ ಕಷ್ಟದ ಪ್ರಶ್ನೆ: ಸಮುದ್ರದಲ್ಲಿ ಮೇಲಿನ ನೀರು ಹಗುರ, ಕೆಳಗಿನದು ಭಾರ. ಇಂಥ ಪದರಪದರವಾದ ದ್ರವದಲ್ಲಿ ಅಲೆ ಹೇಗೆ ಸಾಗುತ್ತೆ? ಈ ಸ್ಥಿರ ಹರಿವನ್ನು ಸ್ಟ್ರೀಮ್ ಫಂಕ್ಷನ್‌ನ ಒಂದೇ ಸಮೀಕರಣದಲ್ಲಿ ಹಿಡಿದಿಡಬಹುದು. ಬೆಟ್ಟ ದಾಟುವ ಗಾಳಿಯ ಅಲೆಗಳನ್ನು ಓದುವವರು ಇಂದಿಗೂ ಅದನ್ನು ದ್ಯುಬ್ರೆಯ್-ಜಾಕೊತ್ಯಾಂ–ಲಾಂಗ್ ಸಮೀಕರಣ ಅಂತಾರೆ.

ರೆನ್‌ನಲ್ಲಿ ಪಾಠ ಮಾಡಿದರು. 1943ರಲ್ಲಿ, ಯುದ್ಧದ ನಡುವೆಯೇ, ಪ್ವಾತಿಯೆ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಫ್ರಾನ್ಸ್‌ನಲ್ಲಿ ಗಣಿತದ ಪ್ರೊಫೆಸರ್ ಹುದ್ದೆ ಪಡೆದ ಮೊದಲ ಮಹಿಳೆ ಅವರೇ. ಆ ಹೊತ್ತಿಗೆ ಮನಸ್ಸು ಬೀಜಗಣಿತದ ಕಡೆ ವಾಲಿತ್ತು: ಸೆಮಿಗ್ರೂಪ್, ಲ್ಯಾಟಿಸ್. 1953ರಲ್ಲಿ ಲೆಸಿಯರ್, ಕ್ರ್ವಾಸೋ ಜೊತೆ ಲ್ಯಾಟಿಸ್‌ಗಳ ಬಗ್ಗೆ ಪುಸ್ತಕ ಬರೆದರು. ಆಮೇಲೆ ಪ್ಯಾರಿಸ್‌ಗೆ ಬಂದರು. 1972ರಲ್ಲಿ, ಕಾರು ಅಪಘಾತದ ನಂತರ ತೀರಿಕೊಂಡರು.

ಲ್ಯಾಟಿಸ್ ಅಂದ್ರೆ ಏನು? ಫ್ರೆಂಚ್‌ನಲ್ಲಿ ಅದಕ್ಕೆ 'ತ್ರೆಯಿ' ಅಂತಾರೆ, ಬಳ್ಳಿ ಹಬ್ಬಿಸುವ ಹಂದರ. ಹೆದರಬೇಡಿ, ಹೈಸ್ಕೂಲ್ ಗಣಿತ ಸಾಕು. 30ರ ಅಪವರ್ತನಗಳನ್ನು ಬರೆಯಿರಿ: 1, 2, 3, 5, 6, 10, 15, 30. ಇವುಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಅವುಗಳ ಮ.ಸಾ.ಅ., ಲ.ಸಾ.ಅ. ಎರಡೂ ಇದೇ ಪಟ್ಟಿಯಲ್ಲಿವೆ. ಅಷ್ಟಿದ್ದರೆ ಅದು ಲ್ಯಾಟಿಸ್.

ಈಗ ಮಜಾ ನೋಡಿ. 5, 3, 2 ಈ ಮೂರಕ್ಕೂ ಒಂದೊಂದು ಬಿಟ್ ಕೊಡಿ. 6 ಅಂದರೆ 3×2, ಅಂದರೆ 011. 10 ಅಂದರೆ 101. ಎರಡಕ್ಕೂ ಆ್ಯಂಡ್ ಮಾಡಿದರೆ 001, ಅಂದರೆ 2. ಅದೇ ಮ.ಸಾ.ಅ.! ಆರ್ ಮಾಡಿದರೆ 111, ಅಂದರೆ 30, ಅದೇ ಲ.ಸಾ.ಅ. ನಾಟ್ ಬೇಕಾದರೆ 30ನ್ನು ಆ ಸಂಖ್ಯೆಯಿಂದ ಭಾಗಿಸಿ: 6ರ ನಾಟ್ 5, ಅಂದರೆ 100. ಡಿಜಿಟಲ್ ಲ್ಯಾಬ್‌ನ ಗೇಟುಗಳೆಲ್ಲ ಪ್ರೈಮರಿ ಶಾಲೆಯ ಅಪವರ್ತನಗಳಲ್ಲೇ ಕೂತಿದ್ದವು, ನಾನು ನಾಲ್ಕನೇ ಸೆಮ್‌ವರೆಗೂ ನೋಡಿರಲಿಲ್ಲ.

30ರ ಬದಲು 12 ತೆಗೆದುಕೊಂಡರೆ? ಅದೂ ಲ್ಯಾಟಿಸ್ಸೇ. ಆದರೆ 2ರ ನಾಟ್ ಹುಡುಕಿ ನೋಡೋಣ: 2ರ ಜೊತೆ ಮ.ಸಾ.ಅ. 1 ಆಗಬೇಕು, ಲ.ಸಾ.ಅ. 12 ಆಗಬೇಕು. 3 ಇಟ್ಟರೆ ಲ.ಸಾ.ಅ. 6ಕ್ಕೇ ನಿಲ್ಲುತ್ತೆ, 6 ಇಟ್ಟರೆ ಮ.ಸಾ.ಅ. 2 ಆಗಿಬಿಡುತ್ತೆ. ಯಾವುದೂ ಸಿಗಲ್ಲ. ಅಂದರೆ ಪ್ರತಿ ಲ್ಯಾಟಿಸ್ಸೂ ಬೂಲಿಯನ್ ಅಲ್ಲ. 12 ಅಂದರೆ 2×2×3, ಅಲ್ಲಿ 2 ಎರಡು ಸಲ ಬಂದಿರುವುದೇ ತಕರಾರು. 42, 60, 105 ಇವುಗಳಲ್ಲಿ ಯಾವುದು ಬೂಲಿಯನ್? ಕ್ಯಾಂಟೀನ್‌ನಲ್ಲಿ ಕೂತು ಟಿಶ್ಯೂ ಮೇಲೆ ಬರೆದು ನೋಡಿ.